ನಿವೃತ್ತಿಯ ಹೊತ್ತಿಗೆ, ಅಕ್ಕನಿಗೆ

ನಿನ್ನೆ ನಿವೃತ್ತನಾದೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ ಎಂದು ಮನೆಮನೆಗೆ ಹೋಗಿ ಲೆಕ್ಕ ಹಾಕುವುದೇ ನನ್ನ ಕೆಲಸವಾಗಿತ್ತು. ಲೆಕ್ಕ ಕಲಿಸಿದ ಗುರುಗಳಿಗೆ, ಗೋಜಲಾದ ಡೇಟಾ ಬಿಡಿಸಿಕೊಟ್ಟ ಹುಡುಗರಿಗೆ, ಕೇಳಿದ್ದನ್ನೇ ಕೇಳಿದರೂ ಬೇಸರಿಸದೆ ಉತ್ತರ ಕೊಟ್ಟ ಹಿರಿಯರಿಗೆ, ನಿನ್ನೆಯಿಂದ ಹಾರೈಸುತ್ತಿರುವ ನಿಮಗೆಲ್ಲ ಥ್ಯಾಂಕ್ಸ್.

ಉಳಿದಿದ್ದೆಲ್ಲ ನಮ್ಮ ಫೀಲ್ಡ್ ಸೂಪರ್‌ವೈಸರ್ ಅಕ್ಕನಿಗೆ.

ಇಂಥ ಅಧ್ಯಯನದ ದೊಡ್ಡ ತಲೆನೋವು ನಡುವೆ ಬಿಟ್ಟುಹೋಗುವವರು. ಮರೆವು ಜಾಸ್ತಿಯಾದವರೇ ಹೆಚ್ಚಾಗಿ ಬಿಡುತ್ತಾರೆ. ಗಟ್ಟಿಮುಟ್ಟಾದವರಷ್ಟೇ ಉಳಿದರೆ ಕಾಯಿಲೆಯೇ ಕಡಿಮೆ ಅಂತ ಕಾಣುತ್ತದೆ. ಅಂಥ ಮನೆಗಳಿಗೆ ಅಕ್ಕ ಮತ್ತೆ ಹೋಗುತ್ತಿದ್ದರು. ಫಾರಂ ತೆಗೆಯದೆ, ಸುಮ್ನೆ ಮಾತಾಡಿಸಿ ಬರುತ್ತಿದ್ದರು. ಮರೆವು ಇದೆಯಾ ಎಂದು ನೋಡಲು 1975ರಲ್ಲಿ ಬಂದ 30 ಅಂಕದ ಪರೀಕ್ಷೆ (MMSE) ಇದೆಯಲ್ವಾ, ಅದರಲ್ಲಿ ಒಂದು ವಾಕ್ಯ ಬರೆಯಬೇಕು. ಅಕ್ಷರ ಕಲಿಯದ ಅಜ್ಜಿಗೆ ನೆನಪು ಚೆನ್ನಾಗಿದ್ದರೂ ಅಲ್ಲಿ ಅಂಕ ಹೋಗುತ್ತದೆ. "ಇದು ಮರೆವಲ್ಲ ಸಾರ್, ಸ್ಲೇಟು ಸಿಗಲಿಲ್ಲ ಅಷ್ಟೇ" ಅಂದಿದ್ದರು ಅಕ್ಕ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಹೇಳಿದ, ಡಿಮೆನ್ಶಿಯಾದ 14 ಅಪಾಯಕಾರಿ ಅಂಶಗಳಲ್ಲಿ ಓದು ಸಿಗದಿರುವುದೂ ಒಂದು. ಕಿವಿ ಮಂದವಾಗುವುದು, ಬಿಪಿ, ಜನರ ಒಡನಾಟ ಇಲ್ಲದಿರುವುದೂ ಅದರಲ್ಲಿವೆ. ಎಲ್ಲವನ್ನೂ ನಿಭಾಯಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎನ್ನುತ್ತದೆ ಆ ವರದಿ. ಇಂಥ ಲೆಕ್ಕಗಳು ನಿಲ್ಲುವುದು ಅಕ್ಕನಂಥವರು ತುಂಬಿಸಿದ ಫಾರಂಗಳ ಮೇಲೆ. ಪ್ರಬಂಧದಲ್ಲಿ ಅವರ ಹೆಸರು ಬರುವುದು ಕೊನೆಗೆ, ಸಣ್ಣಕ್ಷರದಲ್ಲಿ. ಅದೂ ಬಂದರೆ.

ಅಪ್ಪನಿಗೂ ಇದೇ ಮರೆವು ಬಂದ ವಿಷಯ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಒಂದು ರಾತ್ರಿಯದು ಮಾತ್ರ ಹೇಳಬೇಕು. ಆಫೀಸಿಗೆ ಲೇಟಾಯಿತು ಎಂದು ಅಪ್ಪ ಬಾಗಿಲು ಬಡಿಯುತ್ತಿದ್ದರು. ಇದೇ ಕಾಯಿಲೆ ಬಗ್ಗೆ ವೇದಿಕೆ ಹತ್ತಿ ಮಾತಾಡುವ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಬೇಗ ಹೋಗಿಬಿಡಲಿ ಅಂತಲೂ ಅನ್ನಿಸಿತು. ಹೌದು, ಅನ್ನಿಸಿತು. ಫೋನ್ ಮಾಡಿದೆ, ಅಕ್ಕ ಬಂದರು. "ಫೈಲ್ ತಗೊಳ್ಳಿ ಸಾರ್, ಹೋಗೋಣ" ಎಂದು ಅಪ್ಪನ ಕೈ ಹಿಡಿದು ಹಾಲ್‌ನಲ್ಲೇ ಓಡಾಡಿಸಿದರು. ಈಗ ರಾತ್ರಿ, ಆಫೀಸ್ ಇಲ್ಲ ಎಂದು ಒಮ್ಮೆಯೂ ತಿದ್ದಲಿಲ್ಲ. ಅಪ್ಪ ಮಲಗಿದ ಮೇಲೂ ಬೆಳಗಾಗುವ ತನಕ ಕೂತಿದ್ದರು.

ನಮ್ಮ ಫಾರಂನಲ್ಲಿ "ರಾತ್ರಿ ತೊಂದರೆ: ಇದೆ/ಇಲ್ಲ" ಅಂತ ಒಂದು ಸಾಲಿತ್ತು. ಆ "ಇದೆ" ಎಷ್ಟು ದೊಡ್ಡದು ಎಂದು ಅವತ್ತು ತಿಳಿಯಿತು. ನೋಡಿಕೊಳ್ಳುವವರು ಎಷ್ಟು ಹೊತ್ತು ಮಲಗುತ್ತಾರೆ ಎಂಬ ಪ್ರಶ್ನೆ ಆಮೇಲೆ ಸೇರಿತು. ಸೇರಿಸಿದ್ದು ಅಕ್ಕ.

ಅವರು ಇನ್ನೂ ಕೆಲಸದಲ್ಲಿದ್ದಾರೆ. ಹೊಸ ತಂಡದವರೇ, "ಆ ಮನೆಗೆ ಇನ್ನೊಂದು ಸಲ ಹೋಗಿಬರೋಣ" ಎಂದು ಅಕ್ಕ ಅಂದರೆ ಗಾಡಿ ಖರ್ಚಿನ ಲೆಕ್ಕ ತೆಗೆಯಬೇಡಿ. ಜೊತೆಗೆ ಹೋಗಿ.