ತಡ ಮಾಡಗೊಡದವರಿಗೆ

ನಮ್ಮ ಮನೆಯವರ ರಕ್ತಪರೀಕ್ಷೆಯ ವರದಿ ಕಳೆದ ವಾರ ಕೈಗೆ ಬಂದಿತು. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ 1.1, ಅಂದರೆ ಸರಿಯಾಗಿದೆ. ಹೋದ ಮಳೆಗಾಲದಲ್ಲಿ ಮಣಿಪಾಲಕ್ಕೆ ಸೇರಿಸಿದ ರಾತ್ರಿ ಇದೇ ಅಂಕಿ 7ನ್ನು ದಾಟಿತ್ತು. ಮೂತ್ರಪಿಂಡದ ತಜ್ಞರು ಕಡತ ಮುಚ್ಚಿ, "ಇನ್ನು ನನ್ನ ಬಳಿ ಬರಬೇಕಾಗಿಲ್ಲ, ಬಿ.ಪಿ. ಮಾತ್ರ ಆಗಾಗ ನೋಡಿಸಿಕೊಳ್ಳಿ" ಎಂದರು. ಬರಬೇಡಿ ಎಂದದ್ದಕ್ಕೆ ಇಷ್ಟು ಖುಷಿಯಾದದ್ದು ನನಗೆ ಇದೇ ಮೊದಲು. ಬ್ರಹ್ಮಾವರಕ್ಕೆ ಬರುವ ಬಸ್ಸಿನಲ್ಲಿ ಕುಳಿತು, ಈ ಸುದ್ದಿಯನ್ನು ಯಾರಿಗೆಲ್ಲ ಹೇಳಬೇಕು ಎಂದು ಎಣಿಸುತ್ತಾ ಬಂದೆ. ಮನೆ ಮನೆಗೆ ಹೋಗಿ ಹೇಳುವಷ್ಟು ಚಿಕ್ಕ ಪಟ್ಟಿಯಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಹೇಳಿದ್ದಾರೆ. ಹಾಕುವುದಿಲ್ಲ, ಆದರೆ ಅವರಿಗೆ ತಾವು ಯಾರೆಂದು ಓದುವಾಗ ತಿಳಿಯುತ್ತದೆ.

ಇವರಿಗೆ ಬಂದದ್ದು ಇಲಿ ಜ್ವರ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಗದ್ದೆ, ತೋಟ, ಹಟ್ಟಿ ಎಲ್ಲೆಲ್ಲೂ ನೀರು. ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ಹೆಗ್ಗಣಗಳ ಮೂತ್ರದಿಂದ ಆ ನೀರಿಗೆ ಸೇರುತ್ತದೆ. ದನ, ನಾಯಿ, ಹಂದಿಗಳಿಂದಲೂ ಸೇರುತ್ತದೆ. ಕಾಲಿನಲ್ಲಿ ಒಂದು ಸಣ್ಣ ಗಾಯವಿದ್ದರೆ ಅದಕ್ಕೆ ದಾರಿ ಸಿಕ್ಕಿದಂತೆಯೇ. ನಾಟಿಯ ಸಮಯದಲ್ಲಿ ಗಾಯವಿಲ್ಲದ ಕಾಲನ್ನು ನಮ್ಮ ಊರಿನಲ್ಲಿ ಹುಡುಕಿ ತರಬೇಕು. ಸೋಂಕು ತಗಲಿದ ಒಂದೆರಡು ವಾರದೊಳಗೆ ಸಾಮಾನ್ಯವಾಗಿ ಜ್ವರ ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ತಿಂಗಳೂ ಆಗಬಹುದು. ಅಷ್ಟರೊಳಗೆ ಯಾವ ಗದ್ದೆ, ಯಾವ ಗಾಯ ಎಂಬುದೇ ಮರೆತುಹೋಗಿರುತ್ತದೆ.

ಈ ಕಾಯಿಲೆಯ ಗುಣವೇನೆಂದರೆ, ಅದರ ಒಂದೊಂದು ಲಕ್ಷಣಕ್ಕೂ ರೈತನ ಮನೆಯಲ್ಲಿ ಮೊದಲೇ ಒಂದು ಕಾರಣ ಸಿದ್ಧವಾಗಿರುತ್ತದೆ. ಜ್ವರವೇ? ಮಳೆಯಲ್ಲಿ ನೆನೆದದ್ದಕ್ಕೆ. ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವೇ? ದಿನವಿಡೀ ಟಿಲ್ಲರಿನ ಹಿಂದೆ ನಡೆದದ್ದಕ್ಕೆ. ಕಣ್ಣು ಕೆಂಪಾಗಿದೆಯೇ? ಊರಿನಲ್ಲೆಲ್ಲ ಕೆಂಗಣ್ಣು ಇತ್ತಲ್ಲ! ಕೆಂಗಣ್ಣಿನಲ್ಲಿ ಪಿಸಿರು ಬರುತ್ತದೆ, ಇವರ ಕಣ್ಣು ಒಣಗಿದ ಹಾಗೆ ಕೆಂಪಾಗಿತ್ತು. ಅದನ್ನು ಬಾಯಿ ಬಿಟ್ಟು ಹೇಳಿದವಳು ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಒಬ್ಬಳೇ. ಜ್ವರದ ಸಮೀಕ್ಷೆಗೆ ಬಂದವಳು ಕೊಡೆ ಮಡಚದೆ ಅಂಗಳದಲ್ಲೇ ನಿಂತು, "ಅಣ್ಣ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟು ಬನ್ನಿ" ಎಂದಳು. ಇವರು, "ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿದರೆ ಎಲ್ಲ ಸರಿಯಾಗುತ್ತದೆ" ಎಂದು ತಮಾಷೆ ಮಾಡಿದರು. ನಮ್ಮ ಕಡೆ ವರ್ಷಕ್ಕೊಮ್ಮೆ ಆ ಕಷಾಯ ಕುಡಿಯುವ ಅಮಾವಾಸ್ಯೆಗೆ ಇನ್ನೂ ಬಹಳ ದಿನ ಇತ್ತು.

ಪೇಟೆಯ ಒಂದು ಕ್ಲಿನಿಕ್ಕಿಗೆ ಹೋಗಿದ್ದೆವು. ವೈರಲ್ ಜ್ವರ ಎಂದು ಒಂದು ಚುಚ್ಚುಮದ್ದು ಕೊಟ್ಟು, ನೋವಿನ ಮಾತ್ರೆ ಬರೆದರು. ಬೈಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ, ಮಳೆಗಾಲದಲ್ಲಿ ಅಲ್ಲಿ ಬೆಂಚಿನಲ್ಲಿ ಜಾಗ ಸಿಗುವುದೇ ಕಷ್ಟ. ಆದರೆ "ಗದ್ದೆಗೆ ಇಳಿದಿದ್ದೀರಾ?" ಎಂದು ಒಂದು ಮಾತು ಕೇಳಬಹುದಿತ್ತು. ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರುವ ಹೊತ್ತಿನಲ್ಲಿ ಅಂತಹ ನೋವಿನ ಮಾತ್ರೆಗಳು ಇನ್ನಷ್ಟು ಹಾನಿ ಮಾಡುತ್ತವೆ ಎಂದು ಆಮೇಲೆ ತಿಳಿಯಿತು.

ಇಷ್ಟರ ಮೇಲೆ ಒಂದು ಬೆಳಿಗ್ಗೆ ಜ್ವರ ಬಿಟ್ಟಿತು. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಮನೆಯವರೆಲ್ಲ ನಿಟ್ಟುಸಿರು ಬಿಟ್ಟದ್ದು ಅಂದೇ. ಗಂಜಿ ಊಟ ಮಾಡಿದರು, ಉಪ್ಪಿನಕಾಯಿ ಕೇಳಿದರು, ನಾಟಿಗೆ ಉಳಿದ ನೇಜಿ (ಭತ್ತದ ಸಸಿ) ನೋಡಿಕೊಂಡು ಬರುತ್ತೇನೆ ಎಂದು ಗದ್ದೆಯ ಕಡೆಗೂ ಹೋದರು. ಇಲಿ ಜ್ವರ ಅನೇಕರಲ್ಲಿ ಎರಡು ಹಂತಗಳಲ್ಲಿ ಬರುತ್ತದಂತೆ. ಮೊದಲ ಹಂತದಲ್ಲಿ ಬ್ಯಾಕ್ಟೀರಿಯಾ ರಕ್ತದಲ್ಲಿರುತ್ತದೆ, ಜ್ವರ ಕಾಯುತ್ತದೆ. ನಡುವೆ ಒಂದೆರಡು ದಿನ ಇಳಿಯುತ್ತದೆ. ಅಷ್ಟರಲ್ಲಿ ಅದು ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳನ್ನು ಸೇರಿಕೊಂಡಿರುತ್ತದೆ. ಜ್ವರ ಬಿಟ್ಟದ್ದು ಗುಣವಾದದ್ದಲ್ಲ ಎಂಬುದು ನಮ್ಮ ಕಣ್ಣಿಗೆ ಕಂಡದ್ದು ಇವರ ಕಣ್ಣು ಹಳದಿಯಾದಾಗ.

ನಮ್ಮ ಕಡೆ ಕಣ್ಣು ಹಳದಿಯಾದರೆ ಕಾಲು ತಾನಾಗಿ ಕಾಮಾಲೆಯ ಮದ್ದು ಕೊಡುವವರ ಮನೆಗೆ ತಿರುಗುತ್ತದೆ. ನಾವೂ ಹೋದೆವು. ಈ ಬರಹದ ಮೊದಲ ವಂದನೆ ಆ ಹಿರಿಯರಿಗೆ. ತಲೆಮಾರುಗಳಿಂದ ನೆಲನೆಲ್ಲಿಯ ಮದ್ದು ಕೊಡುವ ಮನೆ ಅದು. ಅವರು ಬೇರು ಅರೆಯಲು ಏಳಲಿಲ್ಲ. ಇವರ ರೆಪ್ಪೆ ಎಳೆದು ನೋಡಿ, ಮೀನಖಂಡ ಒತ್ತಿ ನೋಡಿ, "ಮೂತ್ರ ಹೋಗುತ್ತಿದೆಯೇ?" ಎಂದು ಕೇಳಿದರು. ಬೆಳಿಗ್ಗೆಯಿಂದ ಹೋಗಿಲ್ಲ ಎಂದರು ಇವರು. "ಜ್ವರ ಬಂದು, ಕಣ್ಣು ಕೆಂಪಾಗಿ, ಆಮೇಲೆ ಹಳದಿಯಾದದ್ದು ನನ್ನ ಮದ್ದಿನ ಕಾಮಾಲೆ ಅಲ್ಲ. ಇಲ್ಲಿ ಕೂರಬೇಡಿ, ಏಳಿ" ಎಂದು ಹೆಚ್ಚುಕಡಿಮೆ ಗದರಿದರು. ತಟ್ಟೆಯಲ್ಲಿಟ್ಟ ದಕ್ಷಿಣೆಯನ್ನು ನನ್ನ ಕೈಗೇ ಹಿಂತಿರುಗಿಸಿ, ದಾರಿಯ ಖರ್ಚಿಗೆ ಇರಲಿ ಎಂದರು. ಒಂದು ಲೋಟ ಮದ್ದು ಕೊಟ್ಟು, ಮೂರು ದಿನ ಪಥ್ಯ ಹೇಳಿ ಕಳುಹಿಸಿದ್ದರೆ ನಾವು ಸಂತೋಷದಿಂದಲೇ ಮನೆಗೆ ಹೋಗುತ್ತಿದ್ದೆವು. ತನ್ನ ಮದ್ದು ಎಲ್ಲಿ ನಾಟುವುದಿಲ್ಲ ಎಂದು ಬಲ್ಲವರನ್ನು ಪಂಡಿತರು ಎನ್ನದೆ ಬೇರೆ ಏನೆನ್ನಬೇಕು?

ಅವರ ಅಂಗಳದಿಂದಲೇ 108ಕ್ಕೆ ಕರೆ ಮಾಡಿದವನು ಅವರ ಮೊಮ್ಮಗ. ಮಳೆಗೆ ಆಂಬುಲೆನ್ಸ್ ಒಳದಾರಿಗೆ ಬರಲಾಗದು ಎಂದು ಗೊತ್ತಾದಾಗ ಮುಖ್ಯರಸ್ತೆಯವರೆಗೆ ರಿಕ್ಷಾ ಓಡಿಸಿದ ಅಣ್ಣನಿಗೂ, ಹೊಸ ಸೀಟು ಹಾಳಾಯಿತು ಎಂದು ಇಂದಿನವರೆಗೆ ಒಂದು ಮಾತು ಆಡದ ಅವನ ಹೆಂಡತಿಗೂ ನಮಸ್ಕಾರ. ನಮ್ಮ ಅತ್ತೆಗೂ. ಮೊದಲು ಜ್ಯೋತಿಷಿಯ ಬಳಿ ಪ್ರಶ್ನೆ ಕೇಳಿಸಿ ಆಮೇಲೆ ಹೊರಡೋಣ ಎಂದು ಹಿರಿಯರೊಬ್ಬರು ಎಂದಾಗ, ಅತ್ತೆ ನಾಣ್ಯವೊಂದನ್ನು ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಕೋಣೆಯಲ್ಲಿಟ್ಟು, "ದೈವಕ್ಕೆ ಹೇಳಿಯಾಯಿತು, ನೀವು ಹೊರಡಿ" ಎಂದು ಚೀಲ ಕೈಗೆ ಕೊಟ್ಟರು.

ತುರ್ತು ವಿಭಾಗದಲ್ಲಿದ್ದ ಯುವ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ ಗದ್ದೆಯದ್ದು. ರಕ್ತ ತೆಗೆದರು, ಆದರೆ ಕಾಯಲಿಲ್ಲ. "ವರದಿ ಬರುವಾಗ ಬರಲಿ, ಮದ್ದು ಈಗಲೇ ಹೋಗಲಿ" ಎಂದು ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಶುರು ಮಾಡಿಸಿದರು. ಶರೀರ ಪ್ರತಿಕಾಯಗಳನ್ನು ತಯಾರಿಸಲು ಸುಮಾರು ಒಂದು ವಾರ ಬೇಕಾಗುವುದರಿಂದ ಮೊದಲ ದಿನಗಳಲ್ಲಿ, ಅವುಗಳನ್ನೇ ಹುಡುಕುವ ಈ ರಕ್ತಪರೀಕ್ಷೆ ಕಾಯಿಲೆ ಇಲ್ಲವೆಂದೇ ತೋರಿಸಬಹುದು, ಹಾಗಾಗಿ ಸಂಶಯ ಬಲವಾಗಿದ್ದರೆ ವರದಿಗೆ ಕಾಯಬಾರದು ಎಂದು ನನಗೆ ಬಿಡಿಸಿ ಹೇಳಿದವರೂ ಅವರೇ. ಕಾಮಾಲೆ, ಮೂತ್ರಪಿಂಡದ ಸೋಲು, ರಕ್ತಸ್ರಾವ ಸೇರಿದ ಈ ತೀವ್ರ ರೂಪಕ್ಕೆ ವೈಲ್ ಕಾಯಿಲೆ ಎನ್ನುತ್ತಾರಂತೆ, 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ಎಂಬ ವೈದ್ಯರು ವಿವರಿಸಿದ್ದಕ್ಕೆ. ಅಷ್ಟು ಹಳೆಯ ಕಾಯಿಲೆ. ಮದ್ದೂ ಹೊಸದಲ್ಲ, ದುಬಾರಿಯೂ ಅಲ್ಲ. ಆರಂಭದಲ್ಲೇ ಸಿಕ್ಕಿಬಿದ್ದರೆ ಹೆಚ್ಚಿನವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲಿ ಮುಗಿಯುವ ವಿಷಯ. ಮಾತ್ರೆಯ ಒಂದು ಪಟ್ಟಿಯಲ್ಲಿ ಮುಗಿಯಬೇಕಾದದ್ದಕ್ಕೆ ಇವರ ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಇಳಿಸಿ ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಬೇಕಾಯಿತು. ನನಗೆ ಇಂದಿಗೂ ಸಿಟ್ಟು ಬರುವುದು ಇದೊಂದಕ್ಕೆ.

"ಡಯಾಲಿಸಿಸ್ ಹತ್ತಿತೆಂದರೆ ಮುಗಿಯಿತು" ಎಂದು ನೋಡಲು ಬಂದ ನೆಂಟರು ಐಸಿಯು ಬಾಗಿಲಲ್ಲೇ ತೀರ್ಪು ಕೊಟ್ಟಿದ್ದರು. ಡಯಾಲಿಸಿಸ್ ವಿಭಾಗದಲ್ಲಿ ಕೆಲಸ ಮಾಡುವ ಕಾರ್ಕಳ ಕಡೆಯ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, ಇಲಿ ಜ್ವರದಲ್ಲಿ ಬದುಕುಳಿದವರ ಮೂತ್ರಪಿಂಡ ಹೆಚ್ಚಾಗಿ ಮತ್ತೆ ಚೇತರಿಸಿಕೊಳ್ಳುತ್ತದೆ, ಜೀವನಪೂರ್ತಿಯ ಡಯಾಲಿಸಿಸ್ ಬೇರೆ ಎಂದಳು. ಆ ಮಾತಿನ ಮೇಲೆ ನಾನು ಅಂದು ಊಟ ಮಾಡಿದೆ. ತಂಗಿ, ನಿನಗೆ ಒಳ್ಳೆಯದಾಗಲಿ. ಪ್ಲೇಟ್‌ಲೆಟ್ ಇಳಿದು ಒಸಡಿನಲ್ಲಿ ರಕ್ತ ಕಂಡಾಗ, ಶ್ವಾಸಕೋಶದಲ್ಲೂ ರಕ್ತಸ್ರಾವವಾದೀತೆಂದು ವೈದ್ಯರು ಗಳಿಗೆ ಗಳಿಗೆಗೂ ನೋಡುತ್ತಿದ್ದಾಗ, ಮಲ್ಪೆಯಿಂದ ಬೈಕಿನಲ್ಲಿ ನೆನೆಯುತ್ತ ಬಂದು ರಕ್ತ ಕೊಟ್ಟುಹೋದ ಹುಡುಗರ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ. ಆಯುಷ್ಮಾನ್ ಕಾರ್ಡಿನ ಕಾಗದಗಳಿಗಾಗಿ ನನ್ನನ್ನು ಓಡಾಡಿಸದೆ ತಾವೇ ಓಡಾಡಿದ ಆರೋಗ್ಯ ಮಿತ್ರರಿಗೂ ವಂದನೆ.

ಇತ್ತ ಊರಿನಲ್ಲಿ ಆಶಾ ಅಕ್ಕ ಸುಮ್ಮನಿರಲಿಲ್ಲ. ಇವರ ಜೊತೆ ಅದೇ ಗದ್ದೆಗೆ ಇಳಿದವರ ಮನೆಗಳಿಗೆ ಆರೋಗ್ಯ ಸಿಬ್ಬಂದಿಯನ್ನು ಕರೆದುಕೊಂಡು ಹೋಗಿದ್ದಾಳೆ. ಜ್ವರ ಶುರುವಾಗಿದ್ದ ಒಬ್ಬರಿಗೆ ಅಂದೇ ಮಾತ್ರೆ ಸಿಕ್ಕಿತು, ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಕೆಸರಿನಲ್ಲಿ ದುಡಿಯುವವರಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮುನ್ನೆಚ್ಚರಿಕೆಗೆ ಕೊಡುವ ಕ್ರಮವಿದೆ, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಈ ವರ್ಷ ಇವರಿಗೆ ಅದನ್ನು ನುಂಗಿಸುವ ಕೆಲಸ ನನ್ನದು. ಗಂಬೂಟ್ ಹಾಕಿಸುವ ಕೆಲಸವೂ ನನ್ನದೇ, ಕೆಸರಿನಲ್ಲಿ ಅದು ಹೂತುಹೋಗುತ್ತದೆ ಎಂಬ ದೂರು ಪ್ರತಿದಿನ ಕೇಳುತ್ತಿದ್ದೇನೆ.

ಕೊನೆಯದಾಗಿ, ನಾವು ಆಸ್ಪತ್ರೆಯಲ್ಲಿದ್ದಾಗ ಉಳಿದ ಗದ್ದೆಯ ನಾಟಿ ಮುಗಿಸಿ, ಹಟ್ಟಿಯ ದನಗಳನ್ನು ನೋಡಿಕೊಂಡು, ಹಾಲಿನ ಸೊಸೈಟಿಯಲ್ಲಿ ನನ್ನ ಲೆಕ್ಕಪುಸ್ತಕವನ್ನೂ ಬರೆದಿಟ್ಟ ನೆರೆಕರೆಯವರಿಗೆ. ಕೂಲಿ ಕೊಡಲು ಹೋದಾಗ ಯಾರೂ ಕೈ ಚಾಚಲಿಲ್ಲ. ಆ ಗದ್ದೆಯ ಕುಚ್ಚಲಕ್ಕಿಯಲ್ಲಿ ಒಂದೊಂದು ಮನೆಗೂ ಪಾಲು ತೆಗೆದು ಚೀಲ ಕಟ್ಟಿಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಿ. ಬೇಡ ಎನ್ನುವವರ ಮನೆಗೆ ಇವರೇ ತಲೆಹೊರೆಯಲ್ಲಿ ಹೊತ್ತು ತರುತ್ತಾರೆ, ಈಗ ಅಷ್ಟು ಶಕ್ತಿ ಬಂದಿದೆ. ಆದರೆ ಬೆಳಿಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ ಮಾತ್ರ ಬರಬೇಡಿ, ಆಗ ನನಗೆ ಪುರುಸೊತ್ತಿರುವುದಿಲ್ಲ.