ಅಜ್ಜಿಯ ಕೊರಳಲ್ಲಿದ್ದ ಪದಕ

ಪ್ರೀತಿಯ ಗೆಳೆಯ,

ಅಜ್ಜಿ ಕಪ್ಪು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಬೆಳ್ಳಿಯ ಬಿಲ್ಲೆ ನಿನಗೆ ನೆನಪಿರಬೇಕು. ರಜೆಗೆ ಊರಿಗೆ ಬಂದಾಗ ಹಳೆಯ ರೂಪಾಯಿ ಎಂದುಕೊಂಡು ಇಬ್ಬರೂ ಹಿಡಿದು ನೋಡಿದ್ದೆವು. ಅಜ್ಜಿ ಹೋದ ಮೇಲೆ ಅದು ನನ್ನ ಕೈಗೆ ಬಂತು. ಅಂಟುವಾಳದ ನೀರಿನಲ್ಲಿ ತೊಳೆದಾಗ ಅಂಚಿನ ಸುತ್ತ ಇಂಗ್ಲಿಷ್ ಅಕ್ಷರಗಳು ಕಂಡವು: ಒಂದು ಸಂಖ್ಯೆ, ಸವಾರ್ ಎಂಬ ಹುದ್ದೆ, ಕಾಗುಣಿತ ತಪ್ಪಿದ ಮುತ್ತಜ್ಜನ ಹೆಸರು, ಕೊನೆಯಲ್ಲಿ ಮೈಸೂರು ಲ್ಯಾನ್ಸರ್ಸ್.

ಅದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಒಂದು ಮಗ್ಗುಲಿಗೆ ಐದನೆಯ ಜಾರ್ಜ್, ಇನ್ನೊಂದಕ್ಕೆ ಕುದುರೆಯೇರಿದ ಬೆತ್ತಲೆ ಗಂಡಸು, 1914 ಮತ್ತು 1918. ರಿಬ್ಬನ್ ಸಿಕ್ಕಿಸುವ ಪಟ್ಟಿಯನ್ನು ಕತ್ತರಿಸಿ ಅಕ್ಕಸಾಲಿಗ ಪುಟ್ಟ ಕೊಂಡಿ ಬೆಸೆದಿದ್ದಾನೆ. ಅಜ್ಜಿಯ ಎದೆಗೆ ಉಜ್ಜಿ ಉಜ್ಜಿ ದೊರೆಯ ಮೂಗು ಸವೆದುಹೋಗಿದೆ. ಅಂಚಿನಲ್ಲಿರುವ ಅವಳ ಅಪ್ಪನ ಹೆಸರು ಮಾತ್ರ ಸವೆದಿಲ್ಲ. ಅದನ್ನು ಬೆರಳಿನಿಂದ ಸವರಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಲಾಯದವರಿಗೆ, ಕೂಲಿ ದಳದವರಿಗೆ ಇದೇ ಪದಕವನ್ನು ಕಂಚಿನಲ್ಲಿ ಕೊಟ್ಟರು. ಒಂದೇ ಬಿಸಿಲಿನಲ್ಲಿ ಬೆಂದವರಿಗೆ ಎರಡು ಲೋಹ! ನನಗೆ ಅದು ಇಂದಿಗೂ ಅನ್ಯಾಯವೆಂದೇ ಕಾಣುತ್ತದೆ.

ದಂಡಿನ ಹೆಸರು ಸಿಕ್ಕಿತಲ್ಲ, ಮುತ್ತಜ್ಜನ ದಾರಿಯೂ ಸಿಕ್ಕಿತು. ಮೈಸೂರು ಸಂಸ್ಥಾನದ ಈ ಕುದುರೆ ದಂಡು 1914ರಲ್ಲೇ ಈಜಿಪ್ಟಿಗೆ ಹೊರಟು ಸೂಯೆಜ್ ಕಾಲುವೆಯನ್ನು ಕಾಯಿತು. ಆಮೇಲೆ ಸಿನಾಯ್ ಮರಳುಗಾಡು, ಪ್ಯಾಲೆಸ್ಟೀನ್. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರು ಮೆಷಿನ್ ಗನ್ನುಗಳಿಗೆ ಎದುರಾಗಿ ಊರಿನತ್ತ ನುಗ್ಗಿದರೆ, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಕೈಯಲ್ಲಿದ್ದುದು ಭರ್ಜಿ, ಕತ್ತಿ. ಅಂದು ಸೆರೆಸಿಕ್ಕ ತುರ್ಕಿ, ಜರ್ಮನ್ ಶತ್ರುಗಳು ಸುಮಾರು 1,350. ಸತ್ತ ಕುದುರೆಗಳು 60.

ಕುದುರೆಗಳ ಲೆಕ್ಕ ಓದಿದಾಗ ಅಜ್ಜಿಯ ಮಾತೊಂದು ಎದ್ದು ಬಂತು. ಊರಿಗೆ ಜಟಕಾಗಾಡಿ ಬಂದರೆ ಅವಳ ಅಪ್ಪ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದನಂತೆ. ಕುದುರೆಯ ಕಾಲೆತ್ತಿ ಗೊರಸಿಗೆ ಸಿಕ್ಕ ಕಲ್ಲು ತೆಗೆದು, ಲಾಳ ಮುಟ್ಟಿ ನೋಡಿ, ಗಾಡಿಯವನಿಗೆ ಒಂದು ಮಾತೂ ಆಡದೆ ತಿರುಗಿ ಬರುತ್ತಿದ್ದನಂತೆ. ಯುದ್ಧದ ಬಗ್ಗೆ ಮನೆಯಲ್ಲಿ ಯಾರಿಗೂ ಅವನು ಹೇಳಿದ್ದೇನೂ ಇಲ್ಲ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ದಂಡಿನ ಸ್ಮಾರಕವಿದೆ. ಹೋದ ಭಾನುವಾರ ಹೋಗಿದ್ದೆ. ಕಲ್ಲಿನಲ್ಲಿರುವುದು ಮಡಿದವರ ಹೆಸರು. ಬದುಕಿ ಬಂದು ಹೊಲ ಉತ್ತವನ ಹೆಸರು ಈ ಅಂಚಿನ ಮೇಲೆ ಮಾತ್ರ.

ನೀನು ದೆಹಲಿಯಲ್ಲಿ ದಿನವೂ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳ ಮುಂದೆ ಹಾದುಹೋಗುತ್ತೀಯಲ್ಲ, ಆ ಮೂವರು ಹೈದರಾಬಾದ್, ಮೈಸೂರು, ಜೋಧಪುರದ ಸವಾರರ ಗುರುತಿಗೆ ನಿಂತವರು. ನಾಳೆ ಒಂದು ಗಳಿಗೆ ನಿಂತು ಅವರ ಮುಖ ಕಾಣುವ ಹಾಗೆ ಫೋಟೊ ತೆಗೆದು ಕಳುಹಿಸು. ಮುತ್ತಜ್ಜನ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲ.

ನಿನ್ನ ಗೆಳೆಯ