ಆ ನೋಟನ್ನು ಸುಡಬೇಡ

ಚಿ. ರಘುವಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮನೆ ಖಾಲಿ ಮಾಡುವ ವಿಷಯ, ಅಜ್ಜನ ಟ್ರಂಕಿನ ವಿಷಯ ನಿನ್ನ ಅಪ್ಪನ ಹತ್ತಿರ ಮಾತಾಡಿದ್ದಾಗಿದೆ, ಇಲ್ಲಿ ಮತ್ತೆ ಬೇಡ. ಆದರೆ ಕಾಗದದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಗಾಂಧಿಯೂ ಇಲ್ಲ, ಗವರ್ನರ್ ಸಹಿಯೂ ಇಲ್ಲದ ನೂರರ ನೋಟು ಸಿಕ್ಕಿದೆ, ಖೋಟಾ ಇರಬೇಕು, ಯಾರಿಗೂ ಹೇಳದೆ ಸುಟ್ಟುಬಿಡಲಾ" ಅಂತ. ಅದನ್ನು ಓದಿದ ಮೇಲೆ ಮಿಕ್ಕಿದ್ದು ಯಾವುದೂ ತಲೆಗೆ ಹತ್ತಲಿಲ್ಲ. ಸುಡಬೇಡ.

ನೀನೇ ಯೋಚಿಸು. ಖೋಟಾ ಮಾಡುವವನು ದಾರ, ವಾಟರ್‌ಮಾರ್ಕು, ನಂಬರು ಎಲ್ಲ ಕೂರಿಸಿ ಗಾಂಧಿಯ ಮುಖವನ್ನೇ ಮರೆಯುತ್ತಾನೆಯೇ? ಅಂಥ ನೋಟನ್ನು ಯಾರು ಮುಟ್ಟುತ್ತಾರೆ?

1996ಕ್ಕೆ ಮುಂಚಿನ ನೂರರ ನೋಟುಗಳಲ್ಲಿ ಗಾಂಧಿ ಇರಲಿಲ್ಲ, ಅಶೋಕಸ್ತಂಭ ಇತ್ತು. 1969ರ ಗಾಂಧಿ ಜನ್ಮಶತಮಾನೋತ್ಸವದ ನೋಟೊಂದೇ ಬೇರೆ. ಆದರೆ ನಿನ್ನ ನೋಟಿನ ಹಿಂಭಾಗದಲ್ಲಿ ಹಿಮಾಲಯ ಇದೆ ಅಂದಿದ್ದೀಯ. ಹಾಗಾದರೆ ಅದು ಗಾಂಧಿ ಸರಣಿಯದೇ. ಹಿಂಭಾಗದ ಕೆಳಗಡೆ ನಡುವಿನಲ್ಲಿ ಇಸವಿ ಇದ್ದರೆ 2005ರದ್ದೋ ಆಮೇಲಿನದೋ, ಇಲ್ಲದಿದ್ದರೆ ಅದಕ್ಕೂ ಹಿಂದಿನದು.

ಈಗ ಗಾಂಧಿ ಎಲ್ಲಿ ಹೋದರು ಅನ್ನುವುದು. ನೋಟು ಒಂದೇ ಏಟಿಗೆ ಅಚ್ಚಾಗುವುದಿಲ್ಲ. ಮೊದಲು ಹಾಳೆಯ ಎರಡೂ ಬದಿಗೆ ಹಿನ್ನೆಲೆಯ ತೆಳುಬಣ್ಣ, ನಂತರ ಬೆರಳಿಗೆ ತರಿತರಿ ಸಿಗುವ ಉಬ್ಬು ಮುದ್ರಣ, ಅದಾದ ಮೇಲೆ ನಂಬರು, ಕೊನೆಗೆ ಕತ್ತರಿಸುವುದು. ನೂರರ ಮುಂಭಾಗದಲ್ಲಿ ಗಾಂಧಿಯ ಚಿತ್ರ, ರಿಸರ್ವ್ ಬ್ಯಾಂಕಿನ ಮುದ್ರೆ, ವಾಗ್ದಾನದ ಸಾಲು, ಗವರ್ನರ್ ಸಹಿ, ಎಡಗಡೆಯ ಅಶೋಕಸ್ತಂಭ, ಕುರುಡರಿಗಾಗಿ ಇರುವ ತ್ರಿಕೋನ ಎಲ್ಲವೂ ಉಬ್ಬು ಮುದ್ರಣದವು. ಯಂತ್ರದೊಳಗೆ ಎರಡು ಹಾಳೆ ಒಟ್ಟಿಗೆ ನುಗ್ಗಿದರೆ ಮೇಲಿನ ಹಾಳೆಗೆ ಅಚ್ಚು ಬೀಳುತ್ತದೆ, ಕೆಳಗಿನದು ಹಾಗೇ ಮುಂದೆ ಹೋಗುತ್ತದೆ. ಆದ್ದರಿಂದ ಹೋದರೆ ಇವೆಲ್ಲ ಒಟ್ಟಿಗೇ ಹೋಗಬೇಕು. ಗಾಂಧಿ ಮಾತ್ರ ಮಾಯವಾಗಿ ಸಹಿ ಅಚ್ಚುಕಟ್ಟಾಗಿ ಉಳಿದಿದ್ದರೆ ನನಗೂ ಅನುಮಾನ ಬರುತ್ತಿತ್ತು. ನಿನ್ನದರಲ್ಲಿ ಸಹಿಯೂ ಇಲ್ಲ ಅನ್ನುವುದೇ ನನಗೆ ಸಮಾಧಾನ ಕೊಟ್ಟ ಮಾತು.

ಆದರೂ ಕಣ್ಣಾರೆ ನೋಡದೆ ಹೇಳುವುದು ತಪ್ಪು. ಒಳ್ಳೆಯ ಭೂತಗನ್ನಡಿ, ಹತ್ತು ಪಟ್ಟಿನದು ಸಾಕು, ಮತ್ತೊಂದು ಟಾರ್ಚು ತಗೋ. ಟಾರ್ಚನ್ನು ನೋಟಿನ ಮಟ್ಟಕ್ಕೇ ಹಿಡಿದು ಬೆಳಕು ಪಕ್ಕದಿಂದ ಬೀಳುವಂತೆ ಮಾಡು. ಮುಖ ಇರಬೇಕಾದ ಜಾಗದಲ್ಲಿ ಹಿನ್ನೆಲೆಯ ಸಣ್ಣ ಗೆರೆಗಳು ಎಲ್ಲೂ ತುಂಡಾಗದೆ ಹಾದುಹೋಗಿವೆಯಾ ನೋಡು. ಬ್ಲೇಡಿನಿಂದ ಕೆರೆದಿದ್ದರೆ ಎಳೆಗಳು ಎದ್ದು ನಿಂತಿರುತ್ತವೆ, ಬೆಳಕಿಗೆದುರು ಹಿಡಿದಾಗ ಅಲ್ಲಿ ಕಾಗದ ತೆಳ್ಳಗೆ ಕಾಣುತ್ತದೆ. ರಾಸಾಯನಿಕ ಹಾಕಿ ತೆಗೆದಿದ್ದರೆ ಅಡಿಯ ತೆಳುಬಣ್ಣವೂ ಮಾಸಿ ಸುತ್ತ ಒಂದು ಪೇಲವ ಅಂಚು ಉಳಿಯುತ್ತದೆ. ಮಸಿಯನ್ನು ತೆಗೆದರೂ ಅಚ್ಚು ಒತ್ತಿದ ಗುರುತು ಪೂರ್ತಿ ಹೋಗುವುದಿಲ್ಲ, ಉಗುರಿಗೆ ತರಿತರಿ ಸಿಗುತ್ತದೆ. ಆಮೇಲೆ ವಾಟರ್‌ಮಾರ್ಕಿನ ಗಾಂಧಿ ಮತ್ತು ದಾರ ಕಾಗದದ ಒಳಗಿನವು, ಅವು ಇದ್ದೇ ಇರಬೇಕು. ಅಲ್ಟ್ರಾವಯಲೆಟ್ ದೀಪ ಸಿಕ್ಕರೆ ಅದರಡಿ ಹಿಡಿ. ನಂಬರೂ ಅಲ್ಲಲ್ಲಿ ಸಣ್ಣ ಎಳೆಗಳೂ ಹೊಳೆಯಬೇಕು, ಕಾಗದ ಮಾತ್ರ ಮಂಕಾಗಿರಬೇಕು. ಅಂಗಡಿಯ ಬಿಳಿ ಕಾಗದವಾದರೆ ಇಡೀ ಹಾಳೆ ನೀಲಿಯಾಗಿ ಹೊಳೆಯುತ್ತದೆ.

ಇನ್ನು ನಿನ್ನ ಪೊಲೀಸ್ ಭಯ. ಮುದ್ರಣದೋಷದ ನೋಟು ಖೋಟಾ ಅಲ್ಲ, ಸರ್ಕಾರದ ಮುದ್ರಣಾಲಯದಿಂದಲೇ ಕಣ್ತಪ್ಪಿ ಬಂದದ್ದು. ಇಟ್ಟುಕೊಂಡರೆ ಅಪರಾಧವಿಲ್ಲ. ಭಾರತೀಯ ನ್ಯಾಯ ಸಂಹಿತೆಯ 180ನೇ ಕಲಂ ಹೇಳುವುದು ಖೋಟಾ ಅಂತ ಗೊತ್ತಿದ್ದು, ಅಸಲಿ ಅಂತ ಚಲಾಯಿಸುವ ಉದ್ದೇಶದಿಂದ ಇಟ್ಟುಕೊಂಡವರ ಬಗ್ಗೆ. ಪರೀಕ್ಷೆ ಮಾಡಿದ ಮೇಲೂ ನಿಜಕ್ಕೂ ಖೋಟಾ ಅನ್ನಿಸಿದರೆ ಬ್ಯಾಂಕಿಗೆ ಒಪ್ಪಿಸು. ಅವರು ಮುದ್ರೆ ಒತ್ತಿ ಜಪ್ತಿ ಮಾಡಿಕೊಂಡು ರಸೀದಿ ಕೊಡುತ್ತಾರೆ. ಒಂದು ಸಲಕ್ಕೆ ನಾಲ್ಕರವರೆಗೆ ಸಿಕ್ಕರೆ ತಿಂಗಳ ವರದಿಯಲ್ಲಿ ಸೇರಿಸುತ್ತಾರೆ, ಐದು ಅಥವಾ ಹೆಚ್ಚಾದರೆ ಮಾತ್ರ ಎಫ್‌ಐಆರ್. ಆದರೆ ಅಸಲಿಯಾಗಿದ್ದರೆ ಆತುರಪಟ್ಟು ಬ್ಯಾಂಕಿಗೆ ಕೊಡಬೇಡ. ಬದಲಿಗೆ ಒಂದು ನೂರು ಕೊಟ್ಟು ಕಳಿಸುತ್ತಾರೆ, ಇದು ಪುಡಿಯಾಗಲು ಹೋಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತ ನಮ್ಮಂಥವರಿಗೆ ಇಂಥದು ಬಂದರೆ ತಲೆನೋವು, ಬದಲಿಸಿ ಮುಂದೆ ತಳ್ಳಿಬಿಡುತ್ತಿದ್ದೆವು. ನಮ್ಮ ಕೈದಾಟಿ ಏನೇನು ಹೋಯಿತೋ ಅಂತ ಈಗ ಒಮ್ಮೊಮ್ಮೆ ಹೊಟ್ಟೆ ಉರಿಯುತ್ತದೆ. ನಮ್ಮಪ್ಪ, ಅಂದರೆ ನಿನ್ನ ಅಜ್ಜ, ಕೊಟ್ಟುಬಿಡಲಿಲ್ಲ, ಇಟ್ಟುಕೊಂಡರು. ಯಾಕೆ ಅಂತ ಅವರು ಇದ್ದಾಗ ಕೇಳುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ. ಖೋಟಾ ನೋಟನ್ನು ಗೊತ್ತಿದ್ದೂ ಬಚ್ಚಿಡುವ ಮನುಷ್ಯ ಅವರಲ್ಲ ಅನ್ನುವುದು ನಿನಗೂ ಗೊತ್ತು.

ಭಯ ಹುಟ್ಟಿಸುವ ಇನ್ನೆರಡು ಆ ಟ್ರಂಕಿನಲ್ಲಿ ಸಿಗಬಹುದು. ಒಂದು ರೂಪಾಯಿ ನೋಟಿನಲ್ಲಿ ಗವರ್ನರ್ ಸಹಿ ಇರುವುದಿಲ್ಲ. ಅದನ್ನು ಹೊರಡಿಸುವುದು ಭಾರತ ಸರ್ಕಾರ, ಸಹಿ ಹಣಕಾಸು ಕಾರ್ಯದರ್ಶಿಯದು. ನಂಬರಿನ ನಡುವೆ ನಕ್ಷತ್ರ ಇದ್ದರೆ ಅದೂ ದೋಷವಲ್ಲ. ಕೆಟ್ಟುಹೋದ ನೋಟಿನ ಬದಲಿಗೆ ಕಂತೆಗೆ ಸೇರಿಸುವ ನೋಟದು, 2006ರಿಂದ ಬಂದಿದೆ.

ಬೆಲೆ ಎಷ್ಟು ಅಂತ ಕೇಳಿದ್ದೀಯ. ಇದರಲ್ಲಿ ನಾನು ಹೇಳುವುದು ಕಡಿಮೆಯೇ, ಬೇಜಾರು ಮಾಡಿಕೊಳ್ಳಬೇಡ. ಹಳೆಯದು ಅಂದಮಾತ್ರಕ್ಕೆ ಬೆಲೆ ಬರುವುದಿಲ್ಲ, ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಯಾರಿಗೆ ಬೇಕು ಅನ್ನುವುದರ ಮೇಲೆ ಬರುತ್ತದೆ. ದೋಷದ ನೋಟಿನಲ್ಲಿ ದೂರದಿಂದಲೇ ಕಾಣುವ ದೋಷಕ್ಕೆ ಬೆಲೆ: ಉಬ್ಬು ಮುದ್ರಣ ಇಲ್ಲದ್ದು, ಎರಡು ಕಡೆ ಬೇರೆಬೇರೆ ನಂಬರು ಬಿದ್ದದ್ದು, ಹಾಳೆ ಮಡಚಿಕೊಂಡು ಅಂಚಿನಲ್ಲಿ ಕಾಗದ ರೆಕ್ಕೆಯಂತೆ ಉಳಿದದ್ದು. ಸಣ್ಣ ಮಸಿ ಚುಕ್ಕೆಗೆ ಯಾರೂ ಕೈಚಾಚುವುದಿಲ್ಲ. ಕತ್ತರಿ ತಪ್ಪಿದ್ದು ಅಂತ ತೋರಿಸಿದರೆ ಅಂಚಿನಲ್ಲಿ ಪಕ್ಕದ ನೋಟಿನ ಚೂರು ಕಾಣಬೇಕು. ಬರೀ ಅಳತೆ ಕಡಿಮೆಯಿದ್ದರೆ ಯಾರೋ ಮನೆಯಲ್ಲೇ ಕತ್ತರಿಸಿದ್ದಾರೆ ಅಂತ ಅರ್ಥ. ಈ ಸರಣಿಯ ನೂರರ ಅಳತೆ 157 ಮತ್ತು 73 ಮಿಲಿಮೀಟರ್. ಇಂಟರ್ನೆಟ್ಟಿನಲ್ಲಿ ಕೇಳುವ ಬೆಲೆ ನೋಡಬೇಡ, ಹರಾಜಿನಲ್ಲಿ ಹೋದ ಬೆಲೆ ನೋಡು. ನಂಬರಿನಲ್ಲಿ ಅದೃಷ್ಟದ 786 ಇದ್ದರೆ ಲಕ್ಷ ಕೊಡುತ್ತೇವೆ, ಮೊದಲು ರಿಸರ್ವ್ ಬ್ಯಾಂಕಿನ ಶುಲ್ಕ ಕಟ್ಟಿ ಅಂತ ಯಾರಾದರೂ ಫೋನು ಮಾಡಿದರೆ ಇಟ್ಟುಬಿಡು. ಅಂಥ ವ್ಯವಹಾರ ತಾನು ಮಾಡುವುದಿಲ್ಲ, ಶುಲ್ಕ ಕೇಳುವುದೂ ಇಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಕೊಳೆಯಾಗಿದೆ ಅಂತ ತೊಳೆಯುವುದು, ಇಸ್ತ್ರಿ ಹಾಕುವುದು, ಸೆಲ್ಲೋಟೇಪು, ಲ್ಯಾಮಿನೇಷನ್ ಯಾವುದೂ ಬೇಡ. ತೊಳೆದರೆ ಕಾಗದದ ಗರಿಗರಿತನ ಹೋಗುತ್ತದೆ. ನಿನ್ನ ನೋಟಿಗೆ ಇನ್ನೂ ಕಷ್ಟ: ಮಸಿ ತೊಳೆದು ತೆಗೆದದ್ದೇ ಅಂತ ಕೊಳ್ಳುವವನು ಹೇಳಿದರೆ ಏನು ಉತ್ತರ ಕೊಡುತ್ತೀಯ? ಪಿನ್ನಿನ ತೂತು ಇದ್ದರೆ ಇರಲಿ, 2001ರಲ್ಲಿ ರಿಸರ್ವ್ ಬ್ಯಾಂಕು ಬೇಡ ಅನ್ನುವವರೆಗೆ ಕಂತೆಗೆಲ್ಲ ಸ್ಟೇಪಲ್ ಹೊಡೆಯುವುದೇ ಪದ್ಧತಿ. ಪಿವಿಸಿ ಕವರಿನಲ್ಲಿ ಮಾತ್ರ ಇಡಬೇಡ, ಅದರ ಎಣ್ಣೆಯಂಶ ಕಾಗದಕ್ಕೆ ಇಳಿಯುತ್ತದೆ; ಪಾಲಿಯೆಸ್ಟರ್ ಕವರು ತಗೋ.

ನೋಟಿನ ಎರಡೂ ಬದಿಯ ಫೋಟೋ, ಟಾರ್ಚು ಪಕ್ಕದಿಂದ ಹಿಡಿದದ್ದೊಂದು, ಬೆಳಕಿಗೆದುರು ಹಿಡಿದದ್ದೊಂದು ಕಳಿಸು. ಅಲ್ಲಿಯವರೆಗೆ ಬೆಂಕಿಯ ಮಾತು ಬೇಡ.

ಹಾಂ, ಹಳೇ ಐನೂರರ ಕಂತೆಯೂ ಇದೆ ಅಂದಿದ್ದೀಯಲ್ಲ. ನಿಜವಾಗಿ ಹೆದರಬೇಕಾದ್ದು ಅದಕ್ಕೆ. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟು ಎಲ್ಲ ಸೇರಿ ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಅಂತ 2017ರ ಕಾಯ್ದೆ ಇದೆ. ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ 25ರವರೆಗೆ. ಮೀರಿದರೆ ದಂಡ 10,000 ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅದು. ಎಷ್ಟಿವೆ ಎಣಿಸಿ ಬರೆ, ಹೆಚ್ಚಿದ್ದರೆ ವಕೀಲರನ್ನು ಕೇಳೋಣ.

ಇಂತು,
ನಿನ್ನ ದೊಡ್ಡಪ್ಪ